ತೊಗರಿಯ ಧಾರಣೆಯೂ ಬಿತ್ತನೆಯ ಕಾಲವೂ

ಬಾಂದ್ರಾದ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆಯನ್ನು ತೂಗಿಸಿಕೊಳ್ಳುವ ನಮಗೆ ಅದರ ಧಾರಣೆಯೊಂದೇ ಕಣ್ಣಿಗೆ ಬೀಳುವುದು. 2015ರ ಅಕ್ಟೋಬರದಲ್ಲಿ ಅದು ಕಿಲೋ ಒಂದಕ್ಕೆ 200 ರೂಪಾಯಿಗಳ ಆಸುಪಾಸಿಗೆ ಏರಿದುದು ವಾಚಕರ ನೆನಪಿನಲ್ಲಿರಬಹುದು. ಆಗ ನಮ್ಮನೇಕರ ಮನೆಗಳಲ್ಲಿ ಸಾರು ತೆಳುವಾಯಿತು. ಆ ಧಾರಣೆಯ ಒಂದು ತುದಿಯಲ್ಲಿ ತೊಗರಿಯ ಕಣಜವೆನಿಸಿದ ಕಲಬುರ್ಗಿಯ ರೈತನಿದ್ದಾನೆ. ಇನ್ನೊಂದು ತುದಿಯಲ್ಲಿ, ಹಿಂದೂ ಮಹಾಸಾಗರದ ಆಚೆಯ ದಡದಲ್ಲಿ, ಮೊಜಾಂಬಿಕ್ ದೇಶದ ಸಣ್ಣ ಹಿಡುವಳಿದಾರನಿದ್ದಾನೆ.

ತೊಗರಿಯು ಮುಂಗಾರಿಗೆ ಬಿತ್ತಿ ಡಿಸೆಂಬರ ಜನೆವರಿಗಳ ಹೊತ್ತಿಗೆ ರಾಶಿ ಮಾಡುವ ಬೆಳೆ. ಬಿತ್ತುವವನ ಕಣ್ಣ ಮುಂದಿರುವುದು ಹಿಂದಿನ ಸುಗ್ಗಿಯ ಧಾರಣೆ. ಅವನ ಕೈಗೆ ಬರುವುದು ಮುಂದಿನ ಸುಗ್ಗಿಯದು. ಎಲ್ಲರೂ ಹಳೆಯ ಧಾರಣೆಯನ್ನೇ ನಂಬಿ ಬಿತ್ತಿದರೆ ಒಂದು ವರ್ಷ ಅಭಾವ, ಮರುವರ್ಷ ಅತಿವೃದ್ಧಿ. 1938ರಲ್ಲಿ ಎಝೆಕಿಯೆಲ್ ಎಂಬ ಅಮೇರಿಕನ್ ಅರ್ಥಶಾಸ್ತ್ರಜ್ಞನು ಇದನ್ನು ಜೇಡರಬಲೆಗೆ ಹೋಲಿಸಿ ವಿವರಿಸಿದನು. ನಮ್ಮ ದೇಶದ ತೊಗರಿಯ ಉತ್ಪನ್ನವು 2015-16ರಲ್ಲಿ ಸುಮಾರು 25.6 ಲಕ್ಷ ಟನ್ನುಗಳಿದ್ದುದು ಮರುವರ್ಷ 48.7 ಲಕ್ಷ ಟನ್ನುಗಳಾಯಿತು. ಸರಕಾರವು ಕ್ವಿಂಟಲಿಗೆ 425 ರೂಪಾಯಿಗಳ ಬೋನಸ್ಸನ್ನು ಕೂಡಿಸಿ 5,050 ರೂಪಾಯಿ ಬೆಂಬಲ ಬೆಲೆಯನ್ನು ಸಾರಿದ್ದರೂ, ಪೇಟೆಯ ಧಾರಣೆ ಅದಕ್ಕಿಂತ ಕೆಳಗಿಳಿಯಿತು.

ವಿಷಾದದ ಸಂಗತಿಯೆಂದರೆ, ಮೊಜಾಂಬಿಕ್‌ನಿಂದ ತೊಗರಿಯನ್ನು ತರಿಸುವ ಒಪ್ಪಂದವಾದದ್ದು 2016ರ ಜುಲೈ ತಿಂಗಳಲ್ಲಿ. ನಮ್ಮ ಹೊಲಗಳಲ್ಲಿ ಕೂರಿಗೆಗಳು ಓಡುತ್ತಿದ್ದಾಗಲೇ! ಮೊದಲ ವರ್ಷ 1 ಲಕ್ಷ ಟನ್ನು, ಐದನೆಯ ವರ್ಷಕ್ಕೆ 2 ಲಕ್ಷ ಟನ್ನು ಎಂದು ಅದರ ಗೊತ್ತುವಳಿ. ಬಿತ್ತನೆಯ ಕ್ಷೇತ್ರವನ್ನು ಕುರಿತ ಸರಕಾರಿ ವರದಿ ವಾರವಾರವೂ ಹೊರಡುತ್ತದೆ. ಅಂಕಿಗಳಿಗೆ ಬರಗಾಲವಿರಲಿಲ್ಲ, ಅವುಗಳನ್ನು ಕಾಲಕ್ಕೆ ಸರಿಯಾಗಿ ಓದಿ ಅರ್ಥ ಹೇಳುವ ಪೇಟೆಯ ಅಧ್ಯಯನದ ಕೊರತೆಯಿತ್ತು. 2017ರ ಆಗಸ್ಟಿನಲ್ಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನುಗಳ ಮಿತಿ ಬಿತ್ತು. ಸರಕಾರಗಳ ನಡುವಿನ ಒಪ್ಪಂದಕ್ಕೆ ಈ ಮಿತಿ ತಾಗದಿದ್ದರೂ ಮೊಜಾಂಬಿಕ್‌ನಲ್ಲಿ ಧಾರಣೆ ನೆಲ ಕಚ್ಚಿತು. ಅಲ್ಲಿಯ ಜನರ ಮುಖ್ಯ ಆಹಾರ ಮೆಕ್ಕೆಜೋಳ ಮತ್ತು ಮರಗೆಣಸು. ತೊಗರಿ ಬಹುಮಟ್ಟಿಗೆ ರೊಕ್ಕದ ಬೆಳೆ, ಅದಕ್ಕೆ ದೊಡ್ಡ ಗಿರಾಕಿ ನಾವೇ. ಅದು ಮಾರದಿದ್ದರೆ ಜೋಳ ಕೊಳ್ಳಲು ಹಣವಿಲ್ಲ. ಹಸಿವಿಗೆ ಧಾನ್ಯದ ಅಭಾವವೇ ಬೇಕಿಲ್ಲ, ಕೊಳ್ಳುವ ಶಕ್ತಿ ಕುಂದಿದರೂ ಸಾಕು ಎಂದು ಅಮರ್ತ್ಯ ಸೇನರು 1981ರಲ್ಲಿ ಪ್ರತಿಪಾದಿಸಿದ್ದು ಇದನ್ನೇ.

ಹಾಗಾದರೆ ರೈತನು ಧಾರಣೆ ಏರುವವರೆಗೆ ಮಾಲನ್ನು ಏಕೆ ಹಿಡಿದಿಡಬಾರದು? ಸಾಲದ ವಾಯಿದೆ ಕಾಯುವುದಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವೆಂದು ಕಂಡುಬಂದಿತು. ಉಗ್ರಾಣಗಳನ್ನು ಕಟ್ಟಬೇಕೆಂಬ ಸಲಹೆಯೂ ಅದೇ ವರದಿಯದು. 2007ರ ಕಾಯಿದೆಯು ಉಗ್ರಾಣದ ರಸೀದಿಯನ್ನು ಕೈಯಿಂದ ಕೈಗೆ ವರ್ಗವಾಗಬಲ್ಲ ಪತ್ರವನ್ನಾಗಿ ಮಾಡಿತು. ನಮ್ಮ ಹಿರಿಯರ ಹಗೇವು ಕಾಳನ್ನಷ್ಟೇ ಕಾಯುತ್ತಿತ್ತು. ಈ ರಸೀದಿಯ ಮೇಲೆ ಸಾಲವೂ ದೊರೆಯುತ್ತದೆ. ಆದರೆ ಬ್ಯಾಂಕಿನ ಮೇಜಿನ ಈಚೆ ಕುಳಿತ ನನ್ನ ಅನುಭವದಲ್ಲಿ ರಸೀದಿ ಹಿಡಿದು ಬರುವವನು ಹೆಚ್ಚಾಗಿ ವರ್ತಕನೇ. ಐದು ಚೀಲ ತೊಗರಿಯವನಿಗೆ ಉಗ್ರಾಣದವರೆಗಿನ ಬಾಡಿಗೆಯೇ ಭಾರ; ಅವನು ಅಡತ್ ಅಂಗಡಿಯಲ್ಲಿ ಅಂದಿನ ಧಾರಣೆಗೇ ಕೊಟ್ಟು ಮನೆಗೆ ಹೋಗುತ್ತಾನೆ.

2021ರ ಮೇ ತಿಂಗಳಲ್ಲಿ ಸರಕಾರವು ಆಮದಿನ ಮಿತಿಯನ್ನು ತೆಗೆದುಹಾಕಿತು. ಮುಂಗಾರಿಗೆ ಆಗ ಕೆಲವೇ ವಾರಗಳು ಉಳಿದಿದ್ದವು.