ಪೋಷಕಳ ಮುಖ, ಕಲಾವಿದನ ಸ್ವಾತಂತ್ರ್ಯ: ಪಿಕಾಸೊ ಚಿತ್ರಿಸಿದ ಗರ್ಟ್ರೂಡ್ ಸ್ಟೈನ್

ಪಾಶ್ಚಾತ್ಯ ಚಿತ್ರಕಲೆಯಲ್ಲಿ ಪೋಷಕರ ಭಾವಚಿತ್ರಕ್ಕೆ ದೀರ್ಘ ಪರಂಪರೆಯಿದೆ. ಹಣ ತೆತ್ತು ಚಿತ್ರ ಬರೆಯಿಸಿಕೊಳ್ಳುವವರ ಹೋಲಿಕೆಯನ್ನೂ ಅಂತಸ್ತನ್ನೂ ಕಾಪಾಡುವುದು ಚಿತ್ರಕಾರನ ಹೊಣೆಯೆಂದು ಬಹುಕಾಲ ಭಾವಿಸಲಾಗಿತ್ತು. ಪಾಬ್ಲೊ ಪಿಕಾಸೊ (1881–1973) ಪ್ಯಾರಿಸ್ಸಿನಲ್ಲಿ 1905–06ರ ಅವಧಿಯಲ್ಲಿ ರಚಿಸಿದ ಗರ್ಟ್ರೂಡ್ ಸ್ಟೈನ್‌ಳ ಭಾವಚಿತ್ರವು ಈ ಸಂಬಂಧವನ್ನೇ ಬದಲಿಸಿದ ಕೃತಿಗಳಲ್ಲಿ ಒಂದಾಗಿದೆ.

ಅಮೆರಿಕದಲ್ಲಿ ಜನಿಸಿದ ಲೇಖಕಿ ಸ್ಟೈನ್ (1874–1946) 1903ರಲ್ಲಿ ಪ್ಯಾರಿಸ್ಸಿಗೆ ಬಂದು, ಅಣ್ಣ ಲಿಯೊನೊಂದಿಗೆ ಫ್ಲೂರೂಸ್ ಬೀದಿಯ 27ನೆಯ ಸಂಖ್ಯೆಯ ಮನೆಯಲ್ಲಿ ನೆಲೆಸಿದಳು. ಸೆಜಾನ್‌ನ ಕೃತಿಗಳನ್ನು ಸಂಗ್ರಹಿಸಿದ್ದ ಇವರು, 1905ರಲ್ಲಿ ಪ್ರೇಕ್ಷಕರ ಅಪಹಾಸ್ಯಕ್ಕೆ ಗುರಿಯಾದ ಮಾತಿಸ್‌ನ ‘ಟೋಪಿ ಧರಿಸಿದ ಮಹಿಳೆ’ ಚಿತ್ರವನ್ನೂ ಕೊಂಡರು. ಆಗಿನ್ನೂ ಬಡತನದಲ್ಲಿದ್ದ ಪಿಕಾಸೊನಿಗೆ ಈ ಮನೆಯ ಬೆಂಬಲ ಅಮೂಲ್ಯವಾಗಿತ್ತು.

ಮೊಂಮಾರ್ತ್ರ್ ಗುಡ್ಡದ ಮೇಲಿದ್ದ ಪಿಕಾಸೊನ ಚಿತ್ರಶಾಲೆಯಲ್ಲಿ ತಾನು ಎಂಬತ್ತು ತೊಂಬತ್ತು ಬಾರಿ ಕುಳಿತುದಾಗಿ ಸ್ಟೈನ್ ಹೇಳಿಕೊಂಡಿದ್ದಾಳೆ. 1906ರಲ್ಲಿ ಪಿಕಾಸೊ ಅದುವರೆಗೆ ಬರೆದಿದ್ದ ಮುಖವನ್ನು ಅಳಿಸಿಹಾಕಿ ಸ್ಪೇನಿಗೆ ತೆರಳಿದನು. ಪಿರೆನೀಸ್ ಪರ್ವತಪ್ರದೇಶದ ಗೊಸೊಲ್ ಎಂಬ ಹಳ್ಳಿಯಲ್ಲಿ ಬೇಸಿಗೆಯನ್ನು ಕಳೆದು ಮರಳಿದ ಬಳಿಕ, ಸ್ಟೈನ್ ಎದುರಿಗಿಲ್ಲದಿರುವಾಗಲೇ ಮುಖವನ್ನು ಹೊಸದಾಗಿ ಚಿತ್ರಿಸಿ ಕೃತಿಯನ್ನು ಮುಗಿಸಿದನು.

ಈ ಎರಡು ಹಂತಗಳ ನಡುವಣ ಅಂತರ ಕ್ಯಾನ್ವಾಸಿನ ಮೇಲೆ ಸ್ಪಷ್ಟವಾಗಿ ಉಳಿದಿದೆ. ಮುಂದಕ್ಕೆ ಬಾಗಿ ಕುಳಿತ ತುಂಬು ಮೈ, ಕಂದು ಬಣ್ಣದ ಉಡುಪು, ತೊಡೆಯ ಮೇಲೆ ಇರಿಸಿದ ಕೈಗಳು ಮೃದುವಾದ ವರ್ಣಲೇಪನದಲ್ಲಿ ಮೂಡಿವೆ. ಮುಖವಾದರೋ ಕಡೆದ ಶಿಲೆಯಂತಿದೆ. ಭಾರವಾದ ರೆಪ್ಪೆಗಳು, ಒಂದಕ್ಕೊಂದು ಹೊಂದದ ಕಣ್ಣುಗಳು, ಮುಖವಾಡದಂತಹ ಸಮತಲಗಳು ಅಲ್ಲಿ ಕಾಣುತ್ತವೆ. ಆ ದಿನಗಳಲ್ಲಿ ಲೂವ್ರ್ ಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದ್ದ ಪ್ರಾಚೀನ ಐಬೀರಿಯನ್ ಶಿಲ್ಪಗಳ ಪ್ರಭಾವವನ್ನು ಕಲಾ ಇತಿಹಾಸಕಾರರು ಇಲ್ಲಿ ಗುರುತಿಸಿದ್ದಾರೆ. 1907ರ ‘ಅವಿನ್ಯೋನಿನ ಯುವತಿಯರು’ ಕೃತಿಗೆ, ಅಲ್ಲಿಂದ ಕ್ಯೂಬಿಸಂಗೆ ಸಾಗುವ ಹಾದಿಯಲ್ಲಿ ಈ ಮುಖವೊಂದು ಮುಖ್ಯ ಘಟ್ಟವಾಗಿದೆ.

ಚಿತ್ರ ಸ್ಟೈನ್‌ಳನ್ನು ಹೋಲುವುದಿಲ್ಲವೆಂಬ ಆಕ್ಷೇಪಕ್ಕೆ, ಮುಂದೆ ಆಕೆಯೇ ಅದನ್ನು ಹೋಲುವಳೆಂದು ಪಿಕಾಸೊ ಉತ್ತರಿಸಿದನೆಂಬ ಪ್ರತೀತಿಯಿದೆ. ಮಾತು ಚಮತ್ಕಾರದ್ದಾದರೂ ಅದರ ಹಿಂದಿನ ನಿಲುವು ಗಂಭೀರವಾದುದು. ಕಣ್ಣೆದುರಿನ ರೂಪವನ್ನು ಅನುಕರಿಸುವ ಹೊಣೆಯಿಂದ ಚಿತ್ರಕಾರ ಇಲ್ಲಿ ಬಿಡುಗಡೆ ಹೊಂದಿದ್ದಾನೆ. ಈ ಬಿಡುಗಡೆಗೆ ಪೋಷಕಳ ಸಮ್ಮತಿಯೂ ಇತ್ತೆಂಬುದು ಗಮನಾರ್ಹ. ಪಿಕಾಸೊ ಚಿತ್ರವನ್ನು ಮಾರದೆ ಆಕೆಗೆ ಉಡುಗೊರೆಯಾಗಿ ನೀಡಿದನು. ಆಕೆ ಅದನ್ನು ತನ್ನ ಮನೆಯ ಗೋಡೆಯ ಮೇಲೆ ತೂಗುಹಾಕಿದಳು. 1912ರಲ್ಲಿ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಪ್ರಕಟವಾದ ಶಬ್ದಚಿತ್ರದಲ್ಲಿ ಸ್ಟೈನ್ ಕೂಡ ಪಿಕಾಸೊನನ್ನು ವರ್ಣನೆಯ ರೂಢಿಗೆ ಹೊರತಾದ, ಪುನರುಕ್ತಿಯಿಂದ ಕೂಡಿದ ಗದ್ಯದಲ್ಲಿ ಚಿತ್ರಿಸಿದಳು.

ಅಣ್ಣತಂಗಿಯರು ಬೇರೆಯಾದಾಗ ಸಂಗ್ರಹ ಹಂಚಿಹೋಯಿತು. ತನ್ನ ಬರಹಗಳ ಪ್ರಕಟಣೆಗಾಗಿ ಸ್ಟೈನ್ ಪಿಕಾಸೊನ ಮತ್ತೊಂದು ಚಿತ್ರವನ್ನು ಮಾರಬೇಕಾಯಿತು. ಆದರೆ ಈ ಭಾವಚಿತ್ರವನ್ನು ಕೊನೆಯವರೆಗೂ ಉಳಿಸಿಕೊಂಡು, ಮರಣಶಾಸನದ ಮೂಲಕ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಬಿಟ್ಟುಹೋದಳು. ತನ್ನ ರೂಪದ ಮೇಲಿನ ಅಧಿಕಾರವನ್ನು ಕಲಾವಿದನಿಗೆ ಒಪ್ಪಿಸಬಲ್ಲ ವಿಶ್ವಾಸವೂ ಪೋಷಣೆಯ ಒಂದು ಬಗೆಯೆಂಬುದಕ್ಕೆ ಈ ಕೃತಿ ಸಾಕ್ಷಿಯಾಗಿದೆ.