‘ಮುಂಡೇದು’ ಬರೀ ಮುದ್ದಿನ ಮಾತಲ್ಲ

ಚಿಕ್ಕರಸಿನಕೆರೆ ಕಡೆ ಅಜ್ಜಿ ಮೊಮ್ಮಗನನ್ನು ಉಣ್ಣಲು ಕರೆಯುವುದೇ ಹೀಗೆ: ‘ಬಾರ್ಲಾ ಮುಂಡೇದೇ, ಮುದ್ದೆ ಆರೋಯ್ತದೆ.’ ಸಾಲು ತಪ್ಪಿದ ಎತ್ತಿಗೂ ಅದೇ ಮಾತು, ಕೆಟ್ಟು ನಿಂತ ಪಂಪ್‌ಸೆಟ್ಟಿಗೂ ಅದೇ. ಹಾಗಾಗಿ ಇದಕ್ಕೆ ಅರ್ಥವೇನೂ ಇಲ್ಲ, ಬರೀ ಸಲಿಗೆ ಎಂದು ಮಂಡ್ಯ ಸೀಮೆಯ ಬಹುಮಂದಿ ನಂಬಿದ್ದಾರೆ. ‘ಮೊಂಡು’ ಎಂಬುದೇ ಬಾಯಿಂದ ಬಾಯಿಗೆ ಸವೆದು ‘ಮುಂಡೆ’ ಆಯಿತು, ಹಟಮಾರಿ ಎಂದಷ್ಟೇ ಅರ್ಥ ಅನ್ನುವವರೂ ಇದ್ದಾರೆ.

ಎರಡೂ ನಿಜವಲ್ಲ. ಮುಂಡೆ ಎಂದರೆ ತಲೆ ಬೋಳಿಸಿಕೊಂಡವಳು, ವಿಧವೆ. ಸಂಸ್ಕೃತದಲ್ಲಿ ‘ಮುಂಡ’ ಎಂದರೆ ಬೋಳು. ಮಗುವಿನ ಕೂದಲು ತೆಗೆಸುವ ‘ಮುಂಡನ’ವೂ ಆ ಮೂಲದ್ದೇ. ಮುಂಡೇಮಗ ಎಂದರೆ ವಿಧವೆಯ ಮಗ, ಅಪ್ಪನಿಲ್ಲದವನು. ಸಿಟ್ಟು ಬಂದ ಅಪ್ಪ ಸ್ವಂತ ಮಗನನ್ನೇ ಹಾಗೆ ಬಯ್ದರೆ, ಹೆಂಡತಿಯನ್ನು ವಿಧವೆ ಮಾಡಿ ತನ್ನನ್ನೇ ಸತ್ತವರ ಲೆಕ್ಕಕ್ಕೆ ಹಾಕಿಕೊಂಡಂತೆ. ಅರ್ಥ ತಿಳಿದಿದ್ದರೆ ಯಾವ ಅಪ್ಪನ ಬಾಯಲ್ಲೂ ಅದು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

‘ಬೋಳಿಮಗ’ನ ಕಥೆಯೂ ಇದೇ. ಬೋಳಿ ಎಂದರೆ ನಡತೆಗೆಟ್ಟವಳು ಎಂದೇ ಅನೇಕರ ತಿಳಿವಳಿಕೆ. ಬೋಳಿ ಕೂಡ ತಲೆ ಬೋಳಿಸಿದ ವಿಧವೆಯೇ. ಗಂಡ ಸತ್ತದ್ದನ್ನೇ ಅವಳ ತಪ್ಪು ಎಂದು ಊರು ನೋಡಿದ್ದಕ್ಕೆ ಪದ ಬೈಗುಳವಾಯಿತು. ಆಮೇಲೆ ನಡತೆಯ ಮೇಲಿನ ಅನುಮಾನವೂ ಅದಕ್ಕೆ ಅಂಟಿಕೊಂಡಿತು.

ಈ ಕೇಶಮುಂಡನ ಮುಖ್ಯವಾಗಿ ಬ್ರಾಹ್ಮಣ ಮನೆಗಳ ಪದ್ಧತಿ. ಎಳೆಯ ಹುಡುಗಿಯಾದರೂ ಬಿಡದೆ ಕ್ಷೌರಿಕನ ಮುಂದೆ ಕೂರಿಸಿ, ಕೆಂಪು ಸೀರೆ ಉಡಿಸಿ, ಮಡಿಯ ಹೆಸರಲ್ಲಿ ಅಡುಗೆಮನೆಗೆ ಕಟ್ಟಿಹಾಕುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಪ್ರೇಮಾ ಕಾರಂತರ ಸಿನಿಮಾ ನೋಡಿದವರಿಗೆ ಅದು ಗೊತ್ತು. ಪಕ್ಕದ ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. ಅವರು 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ, ತಾವೇ ಬರೆದು ತಾವೇ ಪ್ರಕಟಿಸಿದರು. ಇತ್ತ ಹೊಲಗದ್ದೆಯಲ್ಲಿ ದುಡಿಯುವ ಎಷ್ಟೋ ಸಮುದಾಯಗಳಲ್ಲಿ ವಿಧವೆಗೆ ಕೂಡಿಕೆ, ಉಡಿಕೆ ಎಂಬ ಹೆಸರಲ್ಲಿ ಮತ್ತೊಬ್ಬ ಗಂಡನ ಜತೆ ಬಾಳುವ ದಾರಿ ಇತ್ತು. ತಲೆ ಬೋಳಿಸುವ ಪದ್ಧತಿಯೇ ಇಲ್ಲದ ಮನೆಗಳಿಗೂ ಬೈಗುಳ ಮಾತ್ರ ಬಂದು ಸೇರಿಕೊಂಡಿತು. ಇದು ನಮ್ಮ ಮಣ್ಣಿನದೇ ಮಾತು ಎಂದು ಎದೆ ತಟ್ಟಿಕೊಳ್ಳುವವರು ಇದನ್ನೊಂದಿಷ್ಟು ಯೋಚಿಸಬೇಕು.

ಹಳ್ಳಿಯವರ ಬೈಗುಳ ಒರಟು, ಇಂಗ್ಲಿಷಿನದು ನಯ ಎಂಬುದು ಇನ್ನೊಂದು ಭ್ರಮೆ. ‘ಬಾಸ್ಟರ್ಡ್’ ಎಂದರೆ ಮದುವೆಯಿಲ್ಲದೆ ಹುಟ್ಟಿದವನು. ಅಲ್ಲೂ ಏಟು ಬೀಳುವುದು ತಾಯಿಗೇ. ನಮ್ಮಲ್ಲಿ ಮೇಷ್ಟ್ರು, ಸಾಹೇಬರು ಧಾರಾಳವಾಗಿ ಬಳಸಿದ ‘ಬ್ಲಡಿ’ ಬ್ರಿಟನ್ನಿನಲ್ಲೇ ಬಹುಕಾಲ ಸಭ್ಯರ ಎದುರು ಆಡಬಾರದ ಮಾತಾಗಿತ್ತು. 1914ರಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ನಾಯಕಿ ಅದನ್ನು ಲಂಡನ್ನಿನ ರಂಗದ ಮೇಲೆ ಆಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆದ್ದಿತು. ಮೇರಿ ಮಾತೆಯ ಮೇಲಿನ ಆಣೆಯೇ ಹೀಗೆ ‘ಬ್ಲಡಿ’ ಆಯಿತು ಎಂದು ಅಲ್ಲಿನವರೂ ಹೇಳಿಕೊಂಡು ಬಂದಿದ್ದಾರೆ. ಅದಕ್ಕೆ ಆಧಾರ ಸಿಕ್ಕಿಲ್ಲ.

ಅರ್ಥ ಸತ್ತುಹೋಗಿದೆ, ಯಾರಿಗೂ ನೋವಾಗುವುದಿಲ್ಲ ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. 2015ರಲ್ಲಿ ಕಬ್ಬಿನ ಬೆಲೆ ಕುಸಿದು, ಕಾರ್ಖಾನೆಯ ಬಾಕಿ ಬಾರದೆ ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದವು. ಅಂಥ ಮನೆಯ ಹೆಂಗಸು ವಿಧವಾ ವೇತನದ ಅರ್ಜಿ ಹಿಡಿದು ಹೋಬಳಿಯ ನಾಡಕಚೇರಿಗೆ ಬರುತ್ತಾಳೆ. ಎದುರಿನ ಟೀ ಅಂಗಡಿಯಲ್ಲಿ ಹುಡುಗರು ಒಬ್ಬರನ್ನೊಬ್ಬರು ಮುಂಡೇಮಗ ಎಂದು ಕೂಗಿಕೊಳ್ಳುವುದು ಅವಳ ಕಿವಿಗೂ ಬೀಳುತ್ತದೆ, ಪಕ್ಕದಲ್ಲಿ ನಿಂತ ಅವಳ ಮಗನ ಕಿವಿಗೂ ಬೀಳುತ್ತದೆ.

ಇದನ್ನು ಬಿಟ್ಟರೆ ಮಂಡ್ಯದ ಮಾತಿನ ಸೊಗಡೇ ಹೋದೀತು ಎನ್ನುವವರ ಅಂಜಿಕೆಗೂ ಬುಡವಿಲ್ಲ. ತರ್ಲೆ, ಕೋಡಂಗಿ, ಮಂಕುದಿಣ್ಣೆ, ಸೋಂಬೇರಿ, ಅಡ್ಡಕಸಬಿ, ಕತ್ತೆ, ಕೋತಿ: ಸಿಟ್ಟಿಗೂ ಸಲಿಗೆಗೂ ಇಷ್ಟು ಮಾತು ನಮ್ಮ ಬಾಯಲ್ಲೇ ಇವೆ. ಅಜ್ಜಿ ‘ಬಾರ್ಲಾ ಕೋತಿ’ ಎಂದು ಕರೆದರೂ ಮೊಮ್ಮಗ ಬಂದು ಮುದ್ದೆ ಉಣ್ಣುತ್ತಾನೆ.