ಕಾರೂ ಫೋನೂ ಮುನಿದಾಗ

ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಹೆದ್ದಾರಿಗಳಲ್ಲಿ ಸಾಗುವ ಅನೇಕ ಕಾರುಗಳಲ್ಲಿ ಫೋನಿನ ಧ್ವನಿಯನ್ನು ಕಾರಿನ ಸ್ಪೀಕರಿಗೆ ಒಯ್ಯುವುದು ಬ್ಲೂಟೂತ್ ಎಂಬ ರೇಡಿಯೋ ಕೊಂಡಿ. ಅದು ತಪ್ಪಿದಾಗ ದೋಷವನ್ನು ಹುಡುಕುವುದೆಂತು? ಮೊದಲು ಲಕ್ಷಣವನ್ನು ನೋಡೋಣ.

ಧ್ವನಿ ನಡುನಡುವೆ ಕಡಿಯುತ್ತಿದ್ದರೆ ಅಲೆಗಳ ಸಂದಣಿಯನ್ನು ಶಂಕಿಸಬಹುದು. ಬ್ಲೂಟೂತಿನ ಅಲೆಗಳ ಕಂಪನಾಂಕ 2,400 ಮೆಗಾಹರ್ಟ್ಸಿಗಿಂತ ತುಸು ಮೇಲಿನದು. ಸಾಲುಸಾಲು ಕಚೇರಿಗಳ ವೈಫೈ ಅಲೆಗಳೂ ಅಲ್ಲಿ ಸಂಚರಿಸುತ್ತವೆ. ಆದುದರಿಂದಲೇ ಬ್ಲೂಟೂತ್ 79 ಕಿರುದಾರಿಗಳ ನಡುವೆ ಸೆಕೆಂಡಿಗೆ 1,600 ಸಲದವರೆಗೆ ಜಿಗಿಯುತ್ತದೆ. 2003ರಲ್ಲಿ ಬಂದ ಸುಧಾರಣೆಯಿಂದ ಗದ್ದಲದ ದಾರಿಗಳನ್ನು ಅದು ಬಿಟ್ಟು ನಡೆಯಬಲ್ಲದು. ನಮ್ಮ ದೇಹದ ನೀರು ಈ ಅಲೆಗಳನ್ನು ಹೀರುತ್ತದೆ. ಫೋನನ್ನು ಜೇಬಿನಿಂದ ಹೊರಗಿಟ್ಟು ಪರೀಕ್ಷಿಸಬೇಕು.

ನಿನ್ನೆಯವರೆಗೆ ಕೂಡುತ್ತಿದ್ದ ಕೊಂಡಿ ಇಂದು ಕೂಡುವುದೇ ಇಲ್ಲವಾದರೆ ಕಾರಣ ಬೇರೆಯಿರಬಹುದು. ಮೊದಲ ಪರಿಚಯದಲ್ಲಿ ಕಾರೂ ಫೋನೂ ಒಂದು ಗುಪ್ತ ಸಂಖ್ಯೆಯನ್ನು ರೂಪಿಸಿ, ಎರಡೂ ಅದನ್ನು ನೆನಪಿನಲ್ಲಿಡುತ್ತವೆ. ಒಂದು ಮರೆತರೆ ಇನ್ನೊಂದರ ಗುರುತು ನಡೆಯದು. ಎರಡೂ ಕಡೆ ಹಳೆಯ ಹೆಸರನ್ನು ಅಳಿಸಿ ಹೊಸದಾಗಿ ಪರಿಚಯ ಮಾಡಿಸುವುದೇ ಮದ್ದು.

ಇದೆಲ್ಲವೂ ಕಾರು ನಿಂತಿರುವಾಗ ನಡೆಯಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಾವು ಪರದೆಯನ್ನು ನೋಡುವ 3 ಸೆಕೆಂಡುಗಳೊಳಗೆ ಕಾರು 50 ಮೀಟರ್ ದಾಟಿರುತ್ತದೆ.